ನಿಮಗಿದು ಗೊತ್ತೇ? ವಯಸ್ಸಾದ ಮೇಲೆ ಫ್ರೆಂಚ್ ಕಲಿಯುವವರಿಗೆ

ಬೆಂಗಳೂರಿನ ಸಂಜೆಯ ಫ್ರೆಂಚ್ ತರಗತಿಗಳಲ್ಲಿ ಈಗ ಕಾಲೇಜು ಹುಡುಗರ ಪಕ್ಕದಲ್ಲೇ ಕೆನಡಾಕ್ಕೆ ಅರ್ಜಿ ಹಾಕಿದ ದಂಪತಿಗಳು ಕೂರುತ್ತಾರೆ, ಫ್ರಾನ್ಸಿನ ಕಂಪನಿಗೆ ಕೆಲಸ ಮಾಡುವ ಎಂಜಿನಿಯರುಗಳು ಕೂರುತ್ತಾರೆ, ನಿವೃತ್ತರೂ ಕೂರುತ್ತಾರೆ. "ಈ ವಯಸ್ಸಿಗೆ ನಾಲಿಗೆ ಹೊರಳುತ್ತದೆಯೇ?" ಎಂಬ ಅಳುಕು ಇವರಲ್ಲಿ ಬಹಳ ಜನಕ್ಕಿದೆ. ಅವರಿಗಾಗಿ ಈ ಸಲದ ಅಂಕಣ.

ಒಂದು ಕಾಲದಲ್ಲಿ ಫ್ರಾನ್ಸಿನವರಿಗೇ ಫ್ರೆಂಚ್ ಬರುತ್ತಿರಲಿಲ್ಲ. ಕ್ರಾಂತಿಯ ದಿನಗಳಲ್ಲಿ, 1794ರಲ್ಲಿ, ಗ್ರೆಗ್ವಾರ್ ಎಂಬ ಪಾದ್ರಿ ಸಂಸತ್ತಿಗೆ ಒಂದು ವರದಿ ಕೊಟ್ಟರು. ದೇಶದ ಜನಸಂಖ್ಯೆ ಆಗ ಸುಮಾರು 2 ಕೋಟಿ 80 ಲಕ್ಷ. ಅದರಲ್ಲಿ ಫ್ರೆಂಚನ್ನು ಶುದ್ಧವಾಗಿ ಆಡಬಲ್ಲವರು 30 ಲಕ್ಷ ಮೀರುವುದಿಲ್ಲ, ಕನಿಷ್ಠ 60 ಲಕ್ಷ ಜನಕ್ಕೆ ಅದು ಒಂದಿಷ್ಟೂ ತಿಳಿಯದು ಎಂದು ಆ ವರದಿ ಹೇಳಿತು. ಉಳಿದವರ ಮನೆಮಾತು ಬ್ರೆತೋನ್, ಒಕ್ಸಿತಾನ್, ಬಾಸ್ಕ್, ಅಲ್ಸೇಷಿಯನ್ ಹೀಗೆ ಏನೇನೋ. 1881-82ರಲ್ಲಿ ಸಚಿವ ಜೂಲ್ ಫೆರಿ ತಂದ ಕಾನೂನುಗಳು ಪ್ರಾಥಮಿಕ ಶಿಕ್ಷಣವನ್ನು ಉಚಿತಗೊಳಿಸಿ ಕಡ್ಡಾಯ ಮಾಡಿದ ಮೇಲೆ ಹಳ್ಳಿಹಳ್ಳಿಯ ಮಕ್ಕಳು ಶಾಲೆಯಲ್ಲಿ ಫ್ರೆಂಚ್ ಕಲಿತರು. ಬ್ರಿಟನಿ ಪ್ರಾಂತ್ಯದ ಕೆಲವು ಶಾಲೆಗಳಲ್ಲಿ ಮನೆಮಾತು ಆಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಮರದ ಪಾದರಕ್ಷೆ ಕಟ್ಟಿ ನಿಲ್ಲಿಸುತ್ತಿದ್ದರು. ಮನಸ್ಸು ಕಲಕುವ ಸಂಗತಿ ಇದು. ಇಂದು ಫ್ರೆಂಚ್ ಆಡುವ ಎಷ್ಟೋ ಮನೆತನಗಳ ಹಿರಿಯರು ಅದನ್ನು ಹೊರಗಿನ ಭಾಷೆಯಾಗಿಯೇ, ಅದೂ ನೋವುಂಡು ಕಲಿತವರು.

ಆ ಭಾಷೆಯ ಕಾವಲಿಗೆಂದು ಕಾರ್ಡಿನಲ್ ರಿಷಲ್ಯೂ 1635ರಲ್ಲಿ ಸ್ಥಾಪಿಸಿದ ಫ್ರೆಂಚ್ ಅಕಾಡೆಮಿಗೆ 40 ಸದಸ್ಯರು. ಅವರನ್ನು 'ಅಮರರು' ಎಂದು ಕರೆಯುತ್ತಾರೆ. 2002ರಲ್ಲಿ ಆ ಪೀಠಕ್ಕೆ ಆಯ್ಕೆಯಾದ ಫ್ರಾಂಸ್ವಾ ಚೆಂಗ್ ಹುಟ್ಟಿದ್ದು ಚೀನಾದಲ್ಲಿ. 1948ರಲ್ಲಿ ಪ್ಯಾರಿಸ್ಸಿಗೆ ಬಂದಿಳಿದಾಗ ಅವರಿನ್ನೂ ಹದಿಹರೆಯದವರು. ಫ್ರೆಂಚ್ ಬರುತ್ತಿರಲಿಲ್ಲ. ಅದೇ ಭಾಷೆಯಲ್ಲಿ ಕಾದಂಬರಿ ಬರೆದು 1998ರಲ್ಲಿ ಫೆಮಿನಾ ಪ್ರಶಸ್ತಿ ಪಡೆದರು.

ಅಗೋತಾ ಕ್ರಿಸ್ಟೋಫ್ ಅವರ ಕಥೆ ಇನ್ನೂ ಕಠಿಣ. 1956ರಲ್ಲಿ ಹಂಗೆರಿಯ ದಂಗೆ ಮುರಿದುಬಿದ್ದಾಗ, ಇಪ್ಪತ್ತೊಂದರ ಈ ತಾಯಿ ಹಸುಗೂಸನ್ನು ಕಟ್ಟಿಕೊಂಡು ಗಂಡನ ಜೊತೆ ರಾತ್ರೋರಾತ್ರಿ ಗಡಿ ದಾಟಿದರು. ಸೇರಿದ್ದು ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್. ಸಿಕ್ಕಿದ್ದು ಗಡಿಯಾರ ಕಾರ್ಖಾನೆಯ ಕೆಲಸ. ಯಂತ್ರಗಳ ಸದ್ದಿನ ನಡುವೆ ಜೊತೆಗಾರರಿಂದ ಒಂದೊಂದೇ ಮಾತು ಕಲಿತರು. ಐದು ವರ್ಷ ಕಳೆದರೂ ಫ್ರೆಂಚ್ ಮಾತನಾಡಬಲ್ಲರು, ಓದಲಾರರು! ನಾಲ್ಕನೇ ವಯಸ್ಸಿಗೇ ಓದಲು ಕಲಿತಿದ್ದ ಹೆಂಗಸು ಮತ್ತೆ ಅನಕ್ಷರಸ್ಥೆಯಾದ ಸಂಕಟವನ್ನು ಅವರು ಮುಂದೆ ಆತ್ಮಕಥನದಲ್ಲಿ ಬರೆದರು, ಅದರ ಹೆಸರೇ 'ಅನಕ್ಷರಸ್ಥೆ'. ಮತ್ತೆ ವಿದ್ಯಾರ್ಥಿನಿಯಾಗಿ ಬೆಂಚಿನ ಮೇಲೆ ಕೂತರು. 1986ರಲ್ಲಿ ಅವರ ಮೊದಲ ಕಾದಂಬರಿ ಫ್ರೆಂಚಿನಲ್ಲಿ ಬಂತು. ತುಂಡು ತುಂಡು ವಾಕ್ಯ, ಅಲಂಕಾರವಿಲ್ಲದ ಮಾತು. ಅದು ಮೂವತ್ತಕ್ಕೂ ಹೆಚ್ಚು ಭಾಷೆಗಳಿಗೆ ಹೋಗಿದೆ. ದೊಡ್ಡವರಾದ ಮೇಲೆ ಕಲಿತವರ ಭಾಷೆ ಬಡಕಲು ಎಂದು ಯಾರಾದರೂ ಹೇಳಿದರೆ ಈ ಪುಸ್ತಕ ತೋರಿಸಿ.

ಮಿಲನ್ ಕುಂದೇರಾ 46ರಲ್ಲಿ ಫ್ರಾನ್ಸಿಗೆ ಹೋದರು. ನೇರವಾಗಿ ಫ್ರೆಂಚಿನಲ್ಲೇ ಬರೆದ ಅವರ ಮೊದಲ ಕಾದಂಬರಿ ಪ್ರಕಟವಾದದ್ದು 1995ರಲ್ಲಿ, ಅರವತ್ತೈದು ದಾಟಿದ ಮೇಲೆ.

ನಮ್ಮ ಹಾಸನದವರೇ ಆದ ರಾಜಾ ರಾವ್ 1929ರಲ್ಲಿ, ಇಪ್ಪತ್ತರ ಹರೆಯದಲ್ಲಿ, ದಕ್ಷಿಣ ಫ್ರಾನ್ಸಿನ ಮೊಂಪೆಲಿಯೆ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಫ್ರೆಂಚ್ ಅಧ್ಯಾಪಕಿಯಾಗಿದ್ದ ಕಮೀಯ್ ಮೂಲಿಯವರನ್ನು ಮದುವೆಯಾದರು. ಅದೇ ಕಾಲದಲ್ಲಿ ಫ್ರಾನ್ಸಿನಲ್ಲಿ ಕೂತು ಕನ್ನಡದಲ್ಲಿ ಬರೆದು 'ಜಯ ಕರ್ನಾಟಕ' ಪತ್ರಿಕೆಗೆ ಕಳಿಸುತ್ತಿದ್ದರು ಕೂಡ. 1960ರ ಅವರ ಇಂಗ್ಲಿಷ್ ಕಾದಂಬರಿ 'ದಿ ಸರ್ಪೆಂಟ್ ಅಂಡ್ ದಿ ರೋಪ್'ನ ನಾಯಕ ಫ್ರಾನ್ಸಿನಲ್ಲಿ ಸಂಶೋಧನೆ ಮಾಡುವ ಮೈಸೂರು ಸೀಮೆಯ ಯುವಕ.

ಎದುರು ದಿಕ್ಕಿನಿಂದ ಬಂದವರೂ ಇದ್ದಾರೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯಲ್ಲಿ ನೆಲೆಸಿದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ಇಲ್ಲಿನ ಉಡುಪು ತೊಟ್ಟು, ಇಲ್ಲಿನ ಊಟ ಮಾಡಿ, ಇಲ್ಲಿನ ಮಾತು ಕಲಿತರು. ಜನ ಅವರನ್ನು 'ದೊಡ್ಡ ಸ್ವಾಮಿಯವರು' ಎನ್ನುತ್ತಿದ್ದರು. ನಮ್ಮ ಆಚಾರ-ವಿಚಾರಗಳ ಬಗ್ಗೆ ಅವರು ಬರೆದ ಹೆಸರಾಂತ ಗ್ರಂಥದ ಮೂಲ ಫ್ರೆಂಚ್. ಆದರೆ ಮೊದಲು ಅಚ್ಚಾದದ್ದು ಇಂಗ್ಲಿಷ್ ಅನುವಾದ, 1816ರಲ್ಲಿ.

ಇನ್ನು ಕಲಿಕೆಗೆ ಬರೋಣ. ಕನ್ನಡಿಗರಿಗೆ ಒಂದು ಒಳ್ಳೆಯ ಸುದ್ದಿ. ಫ್ರೆಂಚಿನ ಟಿ ಮತ್ತು ಡಿ ನಮ್ಮ ತ ಮತ್ತು ದ, ನಾಲಿಗೆ ಹಲ್ಲಿಗೇ ತಾಗುತ್ತದೆ. ಅವರ ಪ, ತ, ಕಗಳಲ್ಲಿ ಇಂಗ್ಲಿಷರು ಊದುವ ಉಸಿರಿಲ್ಲ. ಈ ಎರಡನ್ನು ರೂಢಿಸಿಕೊಳ್ಳಲು ಲಂಡನ್ನಿನ ವಿದ್ಯಾರ್ಥಿ ಪರದಾಡುತ್ತಾನೆ. ನಮಗೆ ಅವು ಹುಟ್ಟಿನಿಂದ ಬಂದಿವೆ. ಆದ್ದರಿಂದ ಫ್ರೆಂಚ್ ಪದವನ್ನು ಕಂಡಾಗ ಶಾಲೆಯಲ್ಲಿ ಕಲಿತ ಇಂಗ್ಲಿಷಿನ ಮೂಲಕ ಹೋಗಬೇಡಿ, ಕನ್ನಡದಿಂದ ನೇರವಾಗಿ ಹೋಗಿ.

ನಮ್ಮಲ್ಲಿ ಇಲ್ಲದ ಒಂದು ಸ್ವರ ಮಾತ್ರ ಬೆವರಿಳಿಸುತ್ತದೆ, ಅದು ಫ್ರೆಂಚಿನ 'ಯು'. ಅದನ್ನು ಹಿಡಿಯುವ ದಾರಿ ಹೀಗಿದೆ. ಕನ್ನಡಿಯ ಮುಂದೆ ನಿಂತು ಉದ್ದವಾಗಿ 'ಈ…' ಎನ್ನಿ. ನಾಲಿಗೆಯನ್ನು ಒಂದಿಷ್ಟೂ ಅಲುಗಿಸದೆ, ದನಿ ನಿಲ್ಲಿಸದೆ, ತುಟಿಗಳನ್ನು ಮಾತ್ರ 'ಊ' ಎನ್ನುವ ಹಾಗೆ ಮುಂದಕ್ಕೆ ಚಾಚಿ ದುಂಡಗೆ ಮಾಡಿ. ಬಾಯಿಂದ ಹೊರಡುವ, ಈ-ಊಗಳೆರಡೂ ಅಲ್ಲದ ದನಿಯೇ ಅದು. ಕೈಬೆರಳನ್ನು ತುಟಿಯ ಮುಂದೆ ಹಿಡಿದು, ತುಟಿ ಬೆರಳಿಗೆ ತಾಗುವವರೆಗೂ ಚಾಚುವುದು ಒಳ್ಳೆಯ ಅಭ್ಯಾಸ. ಇಷ್ಟು ಕಷ್ಟಪಡುವುದು ಏಕೆಂದರೆ, 'ಮೇಲೆ' ಎನ್ನುವ 'ದಸ್ಯೂ' ಮತ್ತು 'ಕೆಳಗೆ' ಎನ್ನುವ 'ದಸೂ' ಎರಡಕ್ಕೂ ಇರುವ ವ್ಯತ್ಯಾಸ ಆ ಒಂದು ಸ್ವರ ಮಾತ್ರ. ಮೇಲಿನ ಮನೆಯೋ ಕೆಳಗಿನ ಮನೆಯೋ ಎಂಬುದು ತುಟಿಯ ಮೇಲೆ ನಿಂತಿದೆ.

ಮೂಗಿನ ಸ್ವರಗಳಲ್ಲಿ ಕೊನೆಗೆ 'ನ್' ಆಗಲಿ 'ಮ್' ಆಗಲಿ ಇಲ್ಲ. ತುಟಿ ಮುಚ್ಚಬಾರದು, ನಾಲಿಗೆ ಅಂಗುಳಕ್ಕೆ ತಾಗಬಾರದು. ಬೋಂಜೂರ್ ಎಂದು ನಾವು ಬರೆಯುವ ಸೊನ್ನೆ ಅಲ್ಲಿ ಉಸಿರಷ್ಟೇ.

'ಹಕ್ಕಿ' ಎಂಬುದಕ್ಕೆ ಫ್ರೆಂಚ್ ಪದ 'ವಾಜ಼ೋ'. ಬರೆಯುವುದು ಓ-ಐ-ಎಸ್-ಇ-ಎ-ಯು. ಆರೇ ಅಕ್ಷರಗಳಲ್ಲಿ ಐದೂ ಸ್ವರಾಕ್ಷರಗಳು ಬಂದುಹೋದವು! ಒಂದಕ್ಕೂ ಅದರದೇ ಉಚ್ಚಾರವಿಲ್ಲ.

ಹೊಸಬರನ್ನು ಹೆದರಿಸುವುದು ಕ್ರಿಯಾಪದದ ಪಟ್ಟಿ. ನಾನು, ನೀನು, ಅವನು, ನಾವು, ನೀವು, ಅವರು ಎಂದು ಆರು ಸಾಲು, ಸಾಲಿಗೊಂದು ಬಾಲ. 'ಮಾತನಾಡು' ಎಂಬ ಕ್ರಿಯೆಯನ್ನೇ ತೆಗೆದುಕೊಳ್ಳಿ. ನಾನು, ನೀನು, ಅವನು, ಅವರು, ಈ ನಾಲ್ಕು ಸಾಲಿನಲ್ಲಿ ಕಾಗದದ ಮೇಲೆ ಮೂರು ಬಗೆಯ ಕಾಗುಣಿತ. ಬಾಯಲ್ಲಿ ಎಲ್ಲವೂ ಒಂದೇ, 'ಪಾರ್ಲ್'. 'ಅವರು' ಸಾಲಿನ ಕೊನೆಯ ಇ-ಎನ್-ಟಿ ಮೂರಕ್ಕೆ ಮೂರೂ ಮೌನ. 'ನಾವು' ಎನ್ನಲು ಪುಸ್ತಕದಲ್ಲಿ 'ನೂ' ಇದ್ದರೂ ಮಾತಿನಲ್ಲಿ ಜನ ಬಳಸುವುದು 'ಓಂ' ಎಂಬ ಸರ್ವನಾಮ, ಅದಕ್ಕೂ 'ಪಾರ್ಲ್' ಸಾಕು. ಉಳಿದದ್ದು 'ನೀವು', ಅದಕ್ಕೆ 'ಪಾರ್ಲೇ'. ಅಲ್ಲಿಗೆ ದಿನದ ಮಾತಿಗೆ ಬೇಕಾದದ್ದು ಎರಡೇ ರೂಪ. ಮಾತಾಡುತ್ತೇನೆ, ಮಾತಾಡುತ್ತೀಯ, ಮಾತಾಡುತ್ತಾನೆ, ಮಾತಾಡುತ್ತಾಳೆ, ಮಾತಾಡುತ್ತದೆ, ಮಾತಾಡುತ್ತೇವೆ, ಮಾತಾಡುತ್ತೀರಿ, ಮಾತಾಡುತ್ತಾರೆ ಎಂದು ಎಂಟು ರೂಪಗಳನ್ನು ಯೋಚಿಸದೆ ಆಡುವವರು ನಾವು. ನಮಗೇಕೆ ಭಯ?

ಇದೇ ಕಾರಣಕ್ಕೆ ಮೊದಲ ಕೆಲವು ತಿಂಗಳು ಕಣ್ಣಿಗಿಂತ ಕಿವಿಗೆ ಹೆಚ್ಚು ಕೆಲಸ ಕೊಡಬೇಕು ಎಂಬುದು ನನ್ನ ದೃಢ ಅಭಿಪ್ರಾಯ. 'ಏನಿದು?' ಎಂಬ ಪ್ರಶ್ನೆ ಕಾಗದದ ಮೇಲೆ ಅಡ್ಡಗೆರೆ, ಮೇಲ್‌ಚುಕ್ಕೆಗಳ ಸಮೇತ ಒಂದು ಸಾಲು ತುಂಬುತ್ತದೆ. ಕೇಳಿದರೆ ಬರೀ 'ಕೆಸ್ಕೆಸೆ'. ಮೊದಲು ಕೇಳಿದವರು ಅದನ್ನು ಅವತ್ತೇ ಆಡುತ್ತಾರೆ, ಮೊದಲು ಓದಿದವರು ತಿಂಗಳುಗಟ್ಟಲೆ ಅಕ್ಷರ ಅಕ್ಷರ ತಡವುತ್ತಾರೆ. 'ಗೊತ್ತಿಲ್ಲ' ಎನ್ನಲು ಪುಸ್ತಕ ಕಲಿಸುವುದು 'ಜೆ ನೆ ಸೆ ಪಾ', ಬೀದಿಯಲ್ಲಿ ಕೇಳುವುದು 'ಶೆ ಪಾ'. ನಿಷೇಧ ಸೂಚಿಸುವ 'ನೆ' ಆಡುಮಾತಿನಲ್ಲಿ ಉದುರಿಯೇ ಹೋಗುತ್ತದೆ. ಫ್ರಾನ್ಸಿನ ಆರ್‌ಎಫ್‌ಐ ಬಾನುಲಿ ಕಲಿಯುವವರಿಗೆಂದೇ ಸುಲಭ ಫ್ರೆಂಚಿನಲ್ಲಿ ಸುದ್ದಿ ಪ್ರಸಾರ ಮಾಡುತ್ತದೆ, ಹತ್ತೇ ನಿಮಿಷದ್ದು, ಅಂತರಜಾಲದಲ್ಲಿ ಉಚಿತ.

ಯು ಅಕ್ಷರದ ತಲೆಯ ಮೇಲೆ ಎಡಕ್ಕೆ ಬಾಗಿದ ಗೆರೆ ಬರುವುದು ಇಡೀ ಫ್ರೆಂಚಿನಲ್ಲಿ ಒಂದೇ ಪದದಲ್ಲಿ, 'ಎಲ್ಲಿ' ಎಂಬರ್ಥದ 'ಊ'. ಗೆರೆ ತೆಗೆದರೆ ಅದು 'ಅಥವಾ' ಆಗುತ್ತದೆ. ಆ ಒಂದು ಪದಕ್ಕಾಗಿ ಫ್ರೆಂಚ್ ಕೀಲಿಮಣೆಯಲ್ಲಿ ಬೇರೆಯೇ ಒಂದು ಕೀಲಿ ಇದೆ.

ಸಂಧಿ ಪ್ರಕರಣ ಓದಿದವರಿಗೆ ಫ್ರೆಂಚ್ ಹೊಸದಲ್ಲ. ಮಾತು ಮತ್ತು ಇಲ್ಲ ಸೇರಿ 'ಮಾತಿಲ್ಲ' ಆದಾಗ ಸ್ವರವೊಂದು ಲೋಪವಾಗುತ್ತದಲ್ಲವೇ? 'ಲೆ' ಮತ್ತು 'ಆಮಿ' ಸೇರಿ 'ಲಾಮಿ' ಆಗುವುದೂ ಅದೇ ಲೋಪ. ಮನೆ ಮತ್ತು ಅನ್ನು ನಡುವೆ 'ಯ' ಬಂದು 'ಮನೆಯನ್ನು' ಆಗುವ ಹಾಗೆ, 'ಆ' ಮತ್ತು 'ಈಲ್' ಎಂಬ ಎರಡು ಸ್ವರಗಳು ಡಿಕ್ಕಿ ಹೊಡೆಯದಿರಲು ಫ್ರೆಂಚರು ನಡುವೆ 'ತ' ತಂದು 'ಆತೀಲ್' ಎನ್ನುತ್ತಾರೆ. ಆಗಮ ಸಂಧಿ ಎನ್ನಲು ಅಡ್ಡಿಯೇನು! ಬಹುವಚನದ 'ಲೇ'ಯಲ್ಲಿ ಅಡಗಿರುವ ಎಸ್ ಮುಂದೆ ಸ್ವರ ಬಂದರೆ ಎದ್ದು ಕೂರುತ್ತದೆ, ಸ್ನೇಹಿತರು 'ಲೇಜ಼ಾಮಿ' ಆಗುತ್ತಾರೆ. ಆದರೆ ವೀರರು ಮಾತ್ರ 'ಲೇ ಏರೋ', ಅಲ್ಲಿ ಸಂಧಿ ನಿಷಿದ್ಧ. ಕೂಡಿಸಿ ಹೇಳಿದರೆ 'ಸೊನ್ನೆಗಳು' ಎಂದು ಕೇಳಿಸುತ್ತದೆ. ವೀರನಾರಿಯರಿಗೆ ಈ ತೊಡಕಿಲ್ಲ, ಅಲ್ಲಿ ಸಂಧಿ ಧಾರಾಳವಾಗಿ ಆಗುತ್ತದೆ.

ನೀನು-ನೀವು ಭೇದ ಫ್ರೆಂಚಿನಲ್ಲೂ ಇದೆ, 'ತ್ಯು' ಮತ್ತು 'ವೂ'. ಇಂಗ್ಲಿಷ್ ಮಾತ್ರ ಬಲ್ಲವರಿಗೆ ಇದನ್ನು ಪಾಠ ಮಾಡಬೇಕು, ನಮಗೆ ಬೇಡ. ಒಂದು ವ್ಯತ್ಯಾಸ ನೆನಪಿರಲಿ: ಫ್ರಾನ್ಸಿನ ಹೆಚ್ಚಿನ ಮನೆಗಳಲ್ಲಿ ಇವತ್ತು ಅಪ್ಪ, ಅಮ್ಮ, ಅಜ್ಜ, ಅಜ್ಜಿ ಎಲ್ಲರಿಗೂ 'ತ್ಯು'. ಆದರೆ ಅಂಗಡಿಯವರಿಗೆ, ಬಸ್ ಚಾಲಕರಿಗೆ 'ವೂ'. ಅಂಗಡಿಗೆ ಕಾಲಿಟ್ಟೊಡನೆ ಬೋಂಜೂರ್ ಹೇಳದೆ ನೇರ ಸಾಮಾನು ಕೇಳಿದರೆ ಅದನ್ನು ಅಲ್ಲಿ ಒರಟುತನ ಎಂದೇ ತಿಳಿಯುತ್ತಾರೆ.

ಮೀಸೆ ಫ್ರೆಂಚಿನಲ್ಲಿ ಸ್ತ್ರೀಲಿಂಗ. ಗಡ್ಡವೂ ಸ್ತ್ರೀಲಿಂಗ. 'ವ್ಯಕ್ತಿ' ಎಂಬ ಪದ ಗಂಡಸಿನ ಬಗ್ಗೆ ಆಡಿದರೂ ಸ್ತ್ರೀಲಿಂಗ. ಮೇಜು, ಕಿಟಕಿ, ಮೋಡಕ್ಕೆಲ್ಲ ಸುಮ್ಮನೆ ನಪುಂಸಕಲಿಂಗ ಕೊಟ್ಟು ಬೆಳೆದ ನಮಗೆ ಇಲ್ಲಿ ತರ್ಕ ಹುಡುಕಿ ಫಲವಿಲ್ಲ. ಪದವನ್ನು ಒಂಟಿಯಾಗಿ ಕಲಿಯದೆ ಮೊದಲ ದಿನದಿಂದಲೇ ಪುಲ್ಲಿಂಗದ 'ಲೆ' ಅಥವಾ ಸ್ತ್ರೀಲಿಂಗದ 'ಲಾ' ಜೊತೆಯಲ್ಲಿ ಒಂದೇ ಪದವೆಂಬಂತೆ ಬಾಯಿಪಾಠ ಮಾಡುವುದೇ ಉಪಾಯ. ಒಂದು ಸುಳಿವೂ ಇದೆ: 'ಸ್ಯೋಂ' ಎಂದು ಮುಗಿಯುವ, ಇಂಗ್ಲಿಷಿನ 'ಷನ್' ಪದಗಳಿಗೆ ಸಮನಾದ ನೂರಾರು ಪದಗಳು ಬಹುಪಾಲು ಸ್ತ್ರೀಲಿಂಗ.

ಎಪ್ಪತ್ತಕ್ಕೆ ಅರವತ್ತು-ಹತ್ತು, ಎಂಬತ್ತಕ್ಕೆ ನಾಲ್ಕು-ಇಪ್ಪತ್ತು, ತೊಂಬತ್ತೇಳಕ್ಕೆ ನಾಲ್ಕು-ಇಪ್ಪತ್ತು-ಹದಿನೇಳು, ಇದು ಫ್ರಾನ್ಸಿನ ಲೆಕ್ಕ. ಕಷ್ಟ ಅನುಭವಕ್ಕೆ ಬರುವುದು ಫೋನ್ ನಂಬರ್ ಬರೆದುಕೊಳ್ಳುವಾಗ. ಅಲ್ಲಿ ಹತ್ತು ಅಂಕಿಗಳನ್ನು ಎರಡೆರಡಾಗಿ ಹೇಳುವುದು ರೂಢಿ. 'ಕಾತ್ರ್' ಕೇಳಿದೊಡನೆ ಪೆನ್ನು 4 ಬರೆಯುತ್ತದೆ. 'ವ್ಯಾಂ' ಕೇಳಿ ಅದನ್ನು ಹೊಡೆದು 80 ಮಾಡುತ್ತೀರಿ. 'ದಿಸ್-ಸೆತ್' ಬಂದಾಗ ಅದನ್ನೂ ಹೊಡೆದು 97. ಅಷ್ಟರಲ್ಲಿ ಅತ್ತಲಿನವರು ಮುಂದಿನ ಜೋಡಿ ಮುಗಿಸಿರುತ್ತಾರೆ. ಜೋಡಿ ಮುಗಿಯುವವರೆಗೆ ಪೆನ್ನು ಎತ್ತಿ ಹಿಡಿಯುವುದೇ ಇದಕ್ಕೆ ಮದ್ದು. ಇಪ್ಪತ್ತರ ಗುಂಪಿನ ಈ ಎಣಿಕೆ ಬಹಳ ಹಳೆಯದು. 13ನೇ ಶತಮಾನದಲ್ಲಿ ಒಂಬತ್ತನೇ ಲೂಯಿ ಪ್ಯಾರಿಸ್ಸಿನಲ್ಲಿ 300 ಕುರುಡರಿಗಾಗಿ ಕಟ್ಟಿಸಿದ ಆಶ್ರಯದ ಹೆಸರು 'ಹದಿನೈದು-ಇಪ್ಪತ್ತುಗಳು'. ಅದು ಇಂದಿಗೂ ಅದೇ ಹೆಸರಿನ ಕಣ್ಣಾಸ್ಪತ್ರೆ. ಬೆಲ್ಜಿಯಂ ಮತ್ತು ಸ್ವಿಟ್ಜರ್ಲೆಂಡಿನವರು ಎಪ್ಪತ್ತಕ್ಕೆ 'ಸೆಪ್ತಾಂತ್', ತೊಂಬತ್ತಕ್ಕೆ 'ನೋನಾಂತ್' ಎಂದು ಸರಳವಾಗಿ ಹೇಳುತ್ತಾರೆ.

ನಿಮ್ಮ ಮನೆಗೆ ಫ್ರೆಂಚ್ ಆಗಲೇ ಬಂದಿದೆ. ಮದುವೆಯ ಇಂಗ್ಲಿಷ್ ಆಮಂತ್ರಣದ ಮೂಲೆಯಲ್ಲಿ ಅಚ್ಚಾಗುವ ಆರ್‌ಎಸ್‌ವಿಪಿ, 'ದಯವಿಟ್ಟು ಉತ್ತರಿಸಿ' ಎಂಬ ಫ್ರೆಂಚ್ ವಾಕ್ಯದ ಮೊದಲಕ್ಷರಗಳು. ವಿದೇಶಿ ಪತ್ರಗಳ ಮೇಲಿನ ನೀಲಿ ಚೀಟಿಯ 'ಪಾರ್ ಆವ್ಯೋಂ' ಅಂದರೆ 'ವಿಮಾನದ ಮೂಲಕ'. ವಿಶ್ವ ಅಂಚೆ ಒಕ್ಕೂಟದ ಅಧಿಕೃತ ಭಾಷೆ ಫ್ರೆಂಚ್ ಆದ್ದರಿಂದ ಅದು ಅಲ್ಲಿದೆ. ಬಸ್ ಡಿಪೋ, ಗ್ಯಾರೇಜ್, ಮೆನು, ಕೂಪನ್ ಎಲ್ಲವೂ ಅಲ್ಲಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ನಮಗೆ ಬಂದವು.

ಹಾಗೆಂದು ಮುಖ ನೋಡಿ ನಂಬಬೇಡಿ. ಫ್ರಾನ್ಸಿನಲ್ಲಿ 'ಲಿಬ್ರೆರಿ' ಅಂದರೆ ಪುಸ್ತಕದಂಗಡಿ, 'ಕೊಲೇಜ್' ಅಂದರೆ ಹನ್ನೊಂದರಿಂದ ಹದಿನೈದರ ಮಕ್ಕಳ ಶಾಲೆ, 'ಲೊಕಾಸ್ಯೋಂ' ಅಂದರೆ ಬಾಡಿಗೆ. ಇಂಗ್ಲಿಷಿನ 'ನೋವು' ಪದದ ಕಾಗುಣಿತವನ್ನೇ ಅಲ್ಲಿ ಬೇಕರಿಯ ಹಲಗೆಯ ಮೇಲೆ ಕಂಡರೆ ಅದು ಬ್ರೆಡ್.

ಎಷ್ಟು ಪದ ಕಲಿತರೆ ಸಾಕು? 1950ರ ದಶಕದ ಆರಂಭದಲ್ಲಿ ಭಾಷಾಶಾಸ್ತ್ರಜ್ಞ ಜಾರ್ಜ್ ಗೂಗೆನೈಮ್ ಮತ್ತು ಸಂಗಡಿಗರು ಇದಕ್ಕೊಂದು ಉತ್ತರ ಹುಡುಕಿದರು. ಆಗಿನ್ನೂ ಹೊಸದಾಗಿದ್ದ ಟೇಪ್ ರೆಕಾರ್ಡರ್‌ನಲ್ಲಿ ಸಾಮಾನ್ಯ ಜನರ ಸಂಭಾಷಣೆಗಳನ್ನು ದಾಖಲಿಸಿ, ಮೂರು ಲಕ್ಷಕ್ಕೂ ಹೆಚ್ಚು ಪದಗಳನ್ನು ಎಣಿಸಿದರು. ಆಗ ಒಂದು ವಿಚಿತ್ರ ಹೊರಬಿತ್ತು. ಊಟದ ಫೋರ್ಕಿನಂಥ, ದಿನಾ ಕೈಯಲ್ಲಿ ಹಿಡಿಯುವ ವಸ್ತುಗಳ ಹೆಸರು ಜನರ ಮಾತಿನಲ್ಲಿ ಹೆಚ್ಚುಕಡಿಮೆ ಬರುವುದೇ ಇಲ್ಲ! ಕಣ್ಣೆದುರೇ ಇರುವುದನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, 'ಅದು ಕೊಡು' ಎಂದರೆ ಮುಗಿಯಿತು. ಎಣಿಕೆಗೆ ಸಿಗದಿದ್ದರೂ ಬೇಕೆಂದಾಗ ತಟ್ಟನೆ ನಾಲಿಗೆಗೆ ಬರುವ ಇಂಥ ಪದಗಳನ್ನು ಹಿಡಿಯಲು ಶಾಲಾಮಕ್ಕಳಿಗೆ ಉಡುಪು, ಅಡುಗೆಮನೆ, ಮೈಯ ಅಂಗಗಳು ಎಂದು ವಿಷಯ ಕೊಟ್ಟು ಪಟ್ಟಿ ಬರೆಸಿದರು. ಎರಡೂ ಸೇರಿಸಿ ಸಿದ್ಧವಾದ ಮೊದಲ ಹಂತದ ಪದಸಂಪತ್ತು ಸುಮಾರು 1,500. ಹೊಸಬರಿಗೆ ಇಂದಿಗೂ ಅದು ಒಳ್ಳೆಯ ಗುರಿ.

ಮೊದಲ ಕಥೆಪುಸ್ತಕ ಯಾವುದಿರಲಿ? 'ಪುಟ್ಟ ರಾಜಕುಮಾರ'ನ ಕಥೆ ಮಕ್ಕಳದ್ದಲ್ಲವೇ ಎಂದು ಕೈಗೆತ್ತಿಕೊಂಡವರು ಮುಗ್ಗರಿಸುತ್ತಾರೆ. ಸಂತ್-ಎಕ್ಸ್ಯುಪೆರಿಯ ಆ 1943ರ ಪುಸ್ತಕ, ಬರವಣಿಗೆಯಲ್ಲಷ್ಟೇ ಉಳಿದ, ಬಾಯಲ್ಲಿ ಯಾರೂ ಆಡದ ಒಂದು ಭೂತಕಾಲವನ್ನು ಬಳಸುತ್ತದೆ. 1942ರ ಕಮೂನ 'ಅನ್ಯ' ಕಾದಂಬರಿ ಗಂಭೀರವಾದದ್ದು, ಆದರೆ ಅದರ ಭೂತಕಾಲ ಬೀದಿಯ ಮಾತಿನದೇ, ವಾಕ್ಯಗಳೂ ಚಿಕ್ಕವು. ಒಂದು ವರ್ಷ ಕಲಿತವರು ಧೈರ್ಯವಾಗಿ ತೆರೆಯಬಹುದು.

ಕಾಗುಣಿತ ತಪ್ಪಿದರೆ ಕುಗ್ಗಬೇಡಿ. 1857ರಲ್ಲಿ ಸಾಹಿತಿ ಮೆರಿಮೆ ಚಕ್ರವರ್ತಿ ಮೂರನೇ ನೆಪೋಲಿಯನ್ನನ ಆಸ್ಥಾನದಲ್ಲಿ ಉಕ್ತಲೇಖನ ಕೊಟ್ಟ ಪ್ರಸಂಗ ಫ್ರಾನ್ಸಿನಲ್ಲಿ ಮನೆಮಾತು. ಚಕ್ರವರ್ತಿಗೆ 75 ತಪ್ಪು, ಚಕ್ರವರ್ತಿನಿಗೆ 62, ಹೆಸರಾಂತ ಲೇಖಕ ಕಿರಿಯ ದ್ಯುಮಾಗೆ 24. ಎಲ್ಲರಿಗಿಂತ ಕಡಿಮೆ, ಬರೀ 3 ತಪ್ಪು ಮಾಡಿದವನು ಆಸ್ಟ್ರಿಯಾದ ಮೆಟರ್ನಿಕ್ ಎಂದು ಕಥೆ ಹೇಳುತ್ತದೆ.

ಕಾಲ ಎಷ್ಟು ಬೇಕು? ಅಮೆರಿಕದ ರಾಜತಾಂತ್ರಿಕರನ್ನು ತಯಾರು ಮಾಡುವ ಸಂಸ್ಥೆ, ಕಚೇರಿ ಕೆಲಸ ನಡೆಸುವಷ್ಟು ಫ್ರೆಂಚಿಗೆ 600ರಿಂದ 750 ಗಂಟೆಗಳ ತರಗತಿ ಬೇಕೆಂದು ಲೆಕ್ಕ ಹಾಕಿದೆ. ಹಿಂದಿಗೆ ಅದೇ ಸಂಸ್ಥೆ 1,100 ಗಂಟೆ ಇಟ್ಟಿದೆ. ವಾರಕ್ಕೆ ನಾಲ್ಕು ಗಂಟೆ ಕೊಡಬಲ್ಲವರಿಗೆ 600 ಗಂಟೆ ಎಂದರೆ ಹತ್ತಿರಹತ್ತಿರ ಮೂರು ವರ್ಷ. ಮೂರು ತಿಂಗಳಲ್ಲಿ ಫ್ರೆಂಚ್ ಎನ್ನುವ ಜಾಹೀರಾತುಗಳನ್ನು ನಂಬಿ ಹಣ ಕಟ್ಟುವ ಮೊದಲು ಈ ಲೆಕ್ಕ ಒಮ್ಮೆ ಮಾಡಿ ನೋಡಿ.

ಕಲಿತ ಪದ ಮರೆಯುವ ಮೊದಲೇ ಮತ್ತೆ ಕೇಳಿಸಬೇಕು. ಫ್ರೆಂಚ್ ಕಲಿಸುತ್ತಿದ್ದ ಪ್ರಾಧ್ಯಾಪಕ ಪಾಲ್ ಪಿಮ್ಸ್‌ಲರ್ 1967ರಲ್ಲಿ ಅದಕ್ಕೊಂದು ವೇಳಾಪಟ್ಟಿಯನ್ನೇ ಕೊಟ್ಟರು: 5 ಸೆಕೆಂಡು, 25 ಸೆಕೆಂಡು, 2 ನಿಮಿಷ, 10 ನಿಮಿಷ, 1 ಗಂಟೆ, 5 ಗಂಟೆ, 1 ದಿನ, 5 ದಿನ, 25 ದಿನ, 4 ತಿಂಗಳು, 2 ವರ್ಷ. ಒಂದೇ ರಾತ್ರಿ ನೂರು ಸಲ ಬರೆಯುವುದಕ್ಕಿಂತ ಇದು ಮೇಲು.

ಪಾಂಡಿಚೇರಿಯನ್ನು ಭಾರತಕ್ಕೆ ಬಿಟ್ಟುಕೊಟ್ಟ 1956ರ ಒಪ್ಪಂದದಲ್ಲಿ, ಅಲ್ಲಿನ ಜನಪ್ರತಿನಿಧಿಗಳು ಬೇರೆ ತೀರ್ಮಾನ ಮಾಡುವವರೆಗೆ ಫ್ರೆಂಚ್ ಅಧಿಕೃತ ಭಾಷೆಯಾಗಿ ಉಳಿಯಬೇಕೆಂಬ ಷರತ್ತಿದೆ.

1883ರಲ್ಲಿ ಪ್ಯಾರಿಸ್ಸಿನಲ್ಲಿ ಆಲಿಯಾನ್ಸ್ ಫ್ರಾನ್ಸೇಸ್ ಹುಟ್ಟಿದಾಗ ಅದರ ಜೊತೆ ನಿಂತವರಲ್ಲಿ ವಿಜ್ಞಾನಿ ಲೂಯಿ ಪಾಶ್ಚರ್ ಮತ್ತು ಕಾದಂಬರಿಕಾರ ಜೂಲ್ ವರ್ನ್ ಇದ್ದರು. ಬೆಂಗಳೂರಿನ ವಸಂತನಗರದಲ್ಲಿರುವುದು ಅದೇ ಸಂಸ್ಥೆಯ ಕೇಂದ್ರ.

ಫ್ರೆಂಚ್ ಬಳಸುವ ನಗರಗಳಲ್ಲಿ ಅತಿ ಹೆಚ್ಚು ಜನಸಂಖ್ಯೆಯದು ಪ್ಯಾರಿಸ್ ಅಲ್ಲ, ಆಫ್ರಿಕಾದ ಕಿನ್ಶಾಸಾ. ಕಾಂಗೋ, ಸೆನೆಗಲ್, ಐವರಿ ಕೋಸ್ಟ್‌ನವರ ಫ್ರೆಂಚನ್ನೂ ಕಿವಿಗೆ ಹಾಕಿಕೊಳ್ಳಿ. ಅಲ್ಲಿಯೂ ಬಹಳ ಜನರಿಗೆ ಅದು ಮನೆಯಲ್ಲಿ ಬೇರೊಂದು ಭಾಷೆ ಆಡಿ, ಆಮೇಲೆ ಕಲಿತ ಭಾಷೆ.

ಕೊನೆಯದಾಗಿ ಪರೀಕ್ಷೆಯ ವಿಷಯ. ಕೆನಡಾದ ವಲಸೆಗೆ ಬೇಕಾಗುವ ಟಿಇಎಫ್, ಟಿಸಿಎಫ್ ಫಲಿತಾಂಶಗಳು ಎರಡು ವರ್ಷ ಮಾತ್ರ ಚಲಾವಣೆಯಲ್ಲಿರುತ್ತವೆ, ಆದ್ದರಿಂದ ಅರ್ಜಿಯ ಕಾಲ ನೋಡಿಕೊಂಡು ಬರೆಯಿರಿ. ಫ್ರಾನ್ಸಿನ ಶಿಕ್ಷಣ ಇಲಾಖೆ ಕೊಡುವ ಡೆಲ್ಫ್ ಪ್ರಮಾಣಪತ್ರಕ್ಕೆ ಗಡುವಿಲ್ಲ, ಅದು ಜೀವನಪೂರ್ತಿ. ಡೆಲ್ಫ್‌ನಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು ಎಂದು ನಾಲ್ಕು ಭಾಗ, ಒಂದೊಂದಕ್ಕೆ 25 ಅಂಕ. ಒಟ್ಟು 100ಕ್ಕೆ 50 ಬಂದರೆ ಪಾಸು, ಆದರೆ ಯಾವುದೇ ಭಾಗದಲ್ಲಿ 5ಕ್ಕಿಂತ ಕಡಿಮೆಯಾದರೆ ಇಡೀ ಪರೀಕ್ಷೆ ಫೇಲು. ಬರವಣಿಗೆಯಲ್ಲಿ 23 ತೆಗೆದು ಮಾತಿನಲ್ಲಿ 4ಕ್ಕೆ ನಿಂತವರಿಗೆ ಪ್ರಮಾಣಪತ್ರ ಸಿಗದು. ತರಗತಿಯಲ್ಲಿ ಪಕ್ಕ ಕೂತವರ ಜೊತೆ ಮೊದಲ ವಾರದಿಂದಲೇ ಬಾಯಿಬಿಟ್ಟು ಮಾತಾಡಲು ಶುರುಮಾಡಿ.